ಒಂದು ಕೆ.ಜಿ. ಎತ್ತಲು ನಾಚಿಕೆ ಏಕೆ?

ಜಿಮ್‌ಗೆ ಹೋಗುವ ಹುಡುಗನಿಗೆ ಮೊಣಕೈ ನೋವು ಬಂದರೆ ನಮ್ಮ ಕಡೆ ಸಿಗುವ ಸಲಹೆ ಎರಡೇ. ಮನೆಯವರು "ಜಿಮ್ ಬಿಟ್ಟುಬಿಡು" ಅನ್ನುತ್ತಾರೆ. ಗೆಳೆಯರು "ಒಂದು ಇಂಜೆಕ್ಷನ್ ಹಾಕಿಸ್ಕೊಂಡು ಮುಂದುವರಿಸು" ಅನ್ನುತ್ತಾರೆ. ನನ್ನ ಪ್ರಕಾರ ಎರಡೂ ಸರಿಯಲ್ಲ. ಶಿರಾ, ಕೊರಟಗೆರೆ, ಪಾವಗಡದಿಂದ ಮಧುಗಿರಿಗೆ ಓದಲು ಬರುವ ನಮ್ಮ ಹುಡುಗರಲ್ಲಿ ಪೊಲೀಸ್ ಮತ್ತು ಸೇನೆಯ ನೇಮಕಾತಿಗೆ ಮೈ ಹುರಿ ಮಾಡಿಕೊಳ್ಳುತ್ತಿರುವವರು ಇದ್ದಾರೆ. ಅವರಿಗೆ ಈ ವಿಷಯ ಮೊದಲೇ ಗೊತ್ತಿರಬೇಕು.

ನನ್ನ ಬಲ ಮೊಣಕೈಯ ಹೊರಬದಿಯ ಮೂಳೆಯ ಹತ್ತಿರ ನಾಲ್ಕು ತಿಂಗಳು ನೋವಿತ್ತು. ಬಕೆಟ್ ಎತ್ತಿದರೆ ನೋವು, ಬಸ್ಸಿನಲ್ಲಿ ನಿಂತು ಮೇಲಿನ ಕಂಬಿ ಹಿಡಿದರೆ ನೋವು. ಅಕೌಂಟೆನ್ಸಿ ಲೆಕ್ಕ ಎರಡು ಪುಟ ಬರೆಯುವಷ್ಟರಲ್ಲಿ ಪೆನ್ನು ಕೆಳಗಿಡಬೇಕಾಗುತ್ತಿತ್ತು. ಮಾರ್ಚ್ ಪರೀಕ್ಷೆಯ ಯೋಚನೆ ಬಂದಾಗಲೇ ಅಬ್ಬಾ ತುಮಕೂರಿನ ಫಿಸಿಯೋಥೆರಪಿಸ್ಟ್ ಹತ್ತಿರ ಕರೆದುಕೊಂಡು ಹೋದದ್ದು. ಅವರು ಹೇಳಿದ ಹೆಸರು ಟೆನಿಸ್ ಎಲ್ಬೋ. ನಾನು ಟೆನಿಸ್ ರಾಕೆಟ್ ಮುಟ್ಟಿದವನೇ ಅಲ್ಲ! ಸಚಿನ್ ತೆಂಡೂಲ್ಕರ್‌ಗೂ ಟೆನಿಸ್ ಆಡದೆಯೇ ಇದು ಬಂದಿತ್ತು. 2005ರಲ್ಲಿ ಅವರ ಎಡ ಮೊಣಕೈಗೆ ಶಸ್ತ್ರಚಿಕಿತ್ಸೆಯೇ ಆಯಿತು.

ಏನನ್ನಾದರೂ ಬಿಗಿಯಾಗಿ ಹಿಡಿದಾಗ ಮಣಿಕಟ್ಟು ಬಾಗದಂತೆ ತಡೆಯುವ ಮಾಂಸಖಂಡಗಳು ಮೊಣಕೈಯ ಹೊರಬದಿಯ ಮೂಳೆಗೆ ಅಂಟಿಕೊಂಡಿವೆ. ಹಾಗೆ ಅಂಟಿಸುವ ಹಗ್ಗದಂಥ ಭಾಗವೇ ಟೆಂಡನ್. ಮಾಂಸಖಂಡ ಕೆಲವು ವಾರಗಳಲ್ಲೇ ಬಲ ಪಡೆಯುತ್ತದೆ. ಟೆಂಡನ್‌ಗೆ ರಕ್ತ ಹರಿಯುವುದು ಕಡಿಮೆ, ಅದು ಗಟ್ಟಿಯಾಗುವುದೂ ನಿಧಾನ. ಬ್ಯಾಂಕಿನ ಆರ್.ಡಿ. ಇದ್ದ ಹಾಗೆ, ಅವಸರ ಮಾಡಿದರೆ ಬಡ್ಡಿ ಬರುವುದಿಲ್ಲ. ತೋಳು ದಪ್ಪವಾಯಿತೆಂದು ಭಾರ ಏರಿಸುತ್ತಾ ಹೋದರೆ ಟೆಂಡನ್ ಹಿಂದೆ ಉಳಿಯುತ್ತದೆ. ಪೂರ್ತಿ ಸುಮ್ಮನೆ ಕೂತರೂ ಗುಣವಿಲ್ಲ, ಕೆಲಸವಿಲ್ಲದ ಟೆಂಡನ್ ಇನ್ನಷ್ಟು ದುರ್ಬಲವಾಗುತ್ತದೆ.

ಇಂಜೆಕ್ಷನ್ ವಿಷಯ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಟೆನಿಸ್ ಎಲ್ಬೋ ಇದ್ದ 165 ಜನರ ಮೇಲೆ ನಡೆದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಕೆಲವರಿಗೆ ಸ್ಟೀರಾಯ್ಡ್ ಇಂಜೆಕ್ಷನ್, ಕೆಲವರಿಗೆ ಔಷಧಿಯೇ ಇಲ್ಲದ ಸುಳ್ಳು ಇಂಜೆಕ್ಷನ್. ಒಂದು ವರ್ಷದೊಳಗೆ ನೋವು ಮರುಕಳಿಸಿದ್ದು ಸ್ಟೀರಾಯ್ಡ್ ಪಡೆದವರಲ್ಲಿ ಶೇ. 54, ಸುಳ್ಳು ಇಂಜೆಕ್ಷನ್ ಪಡೆದವರಲ್ಲಿ ಶೇ. 12. ಮೊದಲ ಕೆಲವು ವಾರ ಸ್ಟೀರಾಯ್ಡ್ ಹಾಯೆನಿಸುತ್ತದೆ, ಅದಕ್ಕೇ ಜನ ನಂಬುತ್ತಾರೆ.

ನನಗೆ ಹೇಳಿಕೊಟ್ಟದ್ದು ಬಹಳ ಸರಳ. ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಕೆಳಮುಖವಾಗಿ, ಕೈ ಮಾತ್ರ ಅಂಚಿನಿಂದ ಹೊರಗಿರಬೇಕು. ಕೈಯಲ್ಲಿ ಒಂದು ಲೀಟರ್ ನೀರಿನ ಬಾಟಲಿ, ಅಂದರೆ ಒಂದು ಕೆ.ಜಿ. ಮೊದಲ ಹತ್ತು ದಿನ ಅಲುಗಾಡದೆ 45 ಸೆಕೆಂಡ್ ಹಿಡಿಯುವುದು, ಐದು ಸಲ. ಆಮೇಲೆ ಎಡಗೈಯಿಂದ ಬಾಟಲಿಯನ್ನು ಮೇಲಕ್ಕೆತ್ತಿ, ಬಲಗೈಯಿಂದ ನಾಲ್ಕು ಎಣಿಸುತ್ತಾ ಇಳಿಸುವುದು. ಹತ್ತಕ್ಕೆ ಮೂರರಷ್ಟು ನೋವಿದ್ದರೆ ಪರವಾಗಿಲ್ಲ, ಮರುದಿನ ಬೆಳಗ್ಗೆ ಹೆಚ್ಚಾಗಿರಬಾರದು. ಹನ್ನೆರಡು ವಾರಗಳಲ್ಲಿ ಮೂರು ಕೆ.ಜಿ.ಗೆ ಬಂದೆ. ಈ ನಡುವೆ ಕಾಲಿನ ವ್ಯಾಯಾಮ ನಿಲ್ಲಿಸಲಿಲ್ಲ, ಪುಲ್‌ಅಪ್ ಮಾತ್ರ ಬಿಟ್ಟಿದ್ದೆ. (ಬಿದ್ದು ನೋವಾಗಿದ್ದರೆ, ಬೆರಳು ಜೋಮು ಹಿಡಿಯುತ್ತಿದ್ದರೆ ಬಾಟಲಿ ಹಿಡಿಯಬೇಡಿ, ಮೊದಲು ಡಾಕ್ಟರ್ ಹತ್ತಿರ ಹೋಗಿ.)

ಕಷ್ಟವಾದದ್ದು ನೋವಲ್ಲ, ಜಿಮ್‌ನಲ್ಲಿ ಎಲ್ಲರ ಮುಂದೆ ಬಾಟಲಿ ಹಿಡಿದು ಕೂರುವುದು. "ನೋಡ್ರೋ, ಪಹಲ್ವಾನ್ ನೀರು ಎತ್ತುತ್ತಿದ್ದಾನೆ" ಎಂದು ನಕ್ಕವರಲ್ಲಿ ಇಬ್ಬರು ಈಗ ಮೊಣಕೈಗೆ ಪಟ್ಟಿ ಕಟ್ಟಿಕೊಂಡು ಬರುತ್ತಿದ್ದಾರೆ. ಎಷ್ಟು ಎತ್ತುತ್ತೀಯ ಎಂಬುದೊಂದೇ ಪ್ರಶ್ನೆಯಾದ ಜಾಗದಲ್ಲಿ ಕಡಿಮೆ ಎತ್ತುವವನಿಗೆ ಬೆಲೆಯಿಲ್ಲ. ನಮ್ಮ ಕಾಲೇಜಿನ ಕ್ರೀಡಾ ಕೊಠಡಿಗೆ ಮುಂದಿನ ಸಲ ಸಾಮಾನು ತರುವಾಗ ಒಂದು, ಎರಡು ಕೆ.ಜಿ. ಡಂಬೆಲ್‌ಗಳನ್ನೂ ತರಬೇಕೆಂದು ಪಿ.ಟಿ. ಸರ್ ಅವರನ್ನು ಕೇಳಿಕೊಳ್ಳುತ್ತೇನೆ. ಅವು ಅಲ್ಲೇ ಕಣ್ಣೆದುರಿಗಿದ್ದರೆ ಎತ್ತಲು ನಾಚಿಕೆ ಕಡಿಮೆಯಾದೀತು.

ಇನ್ನೊಂದು ಮಾತು. ಈ ನೋವು ಹೆಚ್ಚಾಗಿ ಬರುವುದು 35ರಿಂದ 55 ವಯಸ್ಸಿನವರಿಗೆ, ನಮ್ಮಂಥ ಹುಡುಗರಿಗಲ್ಲ. ಒದ್ದೆ ಚಾದರ ಹಿಂಡುವುದು, ರೊಟ್ಟಿ ಲಟ್ಟಿಸುವುದು ಕೂಡ ಅದೇ ಟೆಂಡನ್ ಮೇಲೆ ಬೀಳುವ ಭಾರ. ನನ್ನ ಅಮ್ಮಿ ಎರಡು ವರ್ಷದಿಂದ ಮೊಣಕೈಗೆ ಎಣ್ಣೆ ಹಚ್ಚುತ್ತಿದ್ದಾರೆ. ಮನೆಯಲ್ಲಿ ಎಲ್ಲರೂ ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆದಿದ್ದರು. ಅಮ್ಮಿಗೆ 41. ನನ್ನ ನೋವಿಗೆ ಬಸ್ ಚಾರ್ಜು, ಫೀಸು ಎಲ್ಲ ಹೊರಟಿತು, ಅವರ ನೋವಿಗೆ ಹೆಸರೂ ಇರಲಿಲ್ಲ. ನಿಮ್ಮ ಮನೆಯಲ್ಲೂ ಒಮ್ಮೆ ಕೇಳಿ ನೋಡಿ. ಅಮ್ಮಿಯನ್ನೂ ತುಮಕೂರಿಗೆ ಕರೆದುಕೊಂಡು ಹೋಗಿ ತೋರಿಸಿದೆವು. ಈಗ ಅವರು ಅರ್ಧ ಲೀಟರ್ ಬಾಟಲಿಯಿಂದ ಶುರು ಮಾಡಿದ್ದಾರೆ, ಚಾದರ ಹಿಂಡುವ ಕೆಲಸ ನನಗೂ ತಮ್ಮನಿಗೂ ಬಂದಿದೆ.