ಅಗ್ನಿಶಾಮಕ ಸಪ್ತಾಹ: ಪ್ರಾತ್ಯಕ್ಷಿಕೆ ನೋಡಿದರೆ ಸಾಲದು

1944ರ ಏಪ್ರಿಲ್ 14ರಂದು ಮುಂಬೈ ಬಂದರಿನ ಹಡಗು ಸ್ಫೋಟದಲ್ಲಿ ಮಡಿದ ಅಗ್ನಿಶಾಮಕ ಸಿಬ್ಬಂದಿಯ ನೆನಪಿಗಾಗಿ ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಇಲಾಖೆಯವರು ಬೆಂಕಿ ನಂದಿಸುವ ವಿಧಾನ ತೋರಿಸುತ್ತಾರೆ. ನಾವು ವರ್ತಕರು ನೋಡಿ, ಚಪ್ಪಾಳೆ ತಟ್ಟಿ, ಅಂಗಡಿಗೆ ಮರಳಿ ಮೆಟ್ಟಿಲ ಮೇಲೆಯೇ ಸರಕು ಪೇರಿಸುತ್ತೇವೆ.

2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಹೊಗೆ ತುಂಬಿತು. ಹೊರಬರಲು ದಾರಿ ಸಿಗದೆ ಕೆಲವರು ಕಿಟಕಿಯಿಂದ ಜಿಗಿದರು. ಒಟ್ಟು 9 ಮಂದಿ ಸತ್ತರು.

ಬೆಂಕಿ ನಂದಿಸಲು ಕಲಿಯುವುದು ಒಳ್ಳೆಯದೇ. ಆದರೆ ಜೀವ ಉಳಿಸುವುದು ಮೊದಲು ತೆರೆದ ದಾರಿ. ಇಲಾಖೆ ಪಾಠ ಹೇಳಬಹುದು, ಹಿಂಬಾಗಿಲ ಬೀಗದ ಕೈ ಇರುವುದು ನಮ್ಮ ಬಳಿ. ಇಂದೇ ಮೆಟ್ಟಿಲು ತೆರವು ಮಾಡಿ. ತುರ್ತು ಸಂಖ್ಯೆ 112 ಅನ್ನು ಕೆಲಸದ ಹುಡುಗರಿಗೂ ಬಾಯಿಪಾಠ ಮಾಡಿಸಿ.