ಎರಡನೆಯ ಗಂಡ

ಪುರಾತನ ಫ್ರಾನ್ಸಿನ ನಾಡುಗಳ ಪ್ರಣಯಕಥೆಯೆಂದೊಡನೆ ಪ್ರಭುಗಳ ದುರ್ಗ, ಉದ್ಯಾನ, ಗುಪ್ತಪತ್ರಗಳು ವಾಚಕರ ಕಣ್ಣಮುಂದೆ ಸುಳಿಯುವುದು ಸಹಜ. ಆದರೆ ಕವಿಕಲ್ಪನೆಯನ್ನು ಮೀರಿದ ಪ್ರಸಂಗವೊಂದು ಒಬ್ಬ ರೈತನ ಮನೆಯಲ್ಲಿ ನಡೆದು ನ್ಯಾಯಸ್ಥಾನವನ್ನು ಮುಟ್ಟಿತು. ಗೃಹಸ್ಥರು ಮನನ ಮಾಡತಕ್ಕ ಸಂಗತಿಯಾದುದರಿಂದ ಅದನ್ನಿಲ್ಲಿ ನಿರೂಪಿಸುತ್ತೇವೆ.

ದಕ್ಷಿಣ ಫ್ರಾನ್ಸಿನ ಆರ್ತಿಗಾ ಗ್ರಾಮದಲ್ಲಿ ಮಾರ್ತಾನ್ ಗೇರ್ ಎಂಬವನಿಗೂ ಬರ್ತ್ರಾಂದ್ ಎಂಬವಳಿಗೂ ಎಳೆಯ ವಯಸ್ಸಿನಲ್ಲಿಯೇ ವಿವಾಹವಾಗಿತ್ತು. ತಂದೆಯ ಧಾನ್ಯವನ್ನು ಕದ್ದನೆಂಬ ಆರೋಪಕ್ಕೆ ಗುರಿಯಾಗಿ, ೧೫೪೮ರಲ್ಲಿ ಮಾರ್ತಾನನು ಹೆಂಡತಿಯನ್ನೂ ಹಸುಗೂಸನ್ನೂ ತೊರೆದು ಹೊರಟುಹೋದನು. ಸ್ಪೇನಿನಲ್ಲಿ ಮೆಂಡೋಸಾ ಪ್ರಭುವಂಶದವರ ಊಳಿಗಕ್ಕೆ ಸೇರಿದನು. ಗಂಡನ ಮರಣಕ್ಕೆ ನಿಶ್ಚಿತವಾದ ಪ್ರಮಾಣವಿಲ್ಲದೆ ಹೆಂಡತಿಯು ಮರುಮದುವೆಯಾಗಲು ಅಲ್ಲಿಯ ಕಟ್ಟಳೆ ಒಪ್ಪುತ್ತಿರಲಿಲ್ಲ. ಬರ್ತ್ರಾಂದಳು ಸಧವೆಯೂ ಅಲ್ಲದೆ, ವಿಧವೆಯೂ ಅಲ್ಲದೆ ಎಂಟು ವರ್ಷ ಕಳೆದಳು.

೧೫೫೬ರಲ್ಲಿ ಒಬ್ಬನು ಬಂದು ತಾನೇ ಮಾರ್ತಾನನೆಂದನು. ಅವನ ತಂಗಿಯರೂ ಚಿಕ್ಕಪ್ಪನೂ ಒಪ್ಪಿದರು, ಬರ್ತ್ರಾಂದಳೂ ಒಪ್ಪಿದಳು. ನಿಜವಾಗಿ ಅವನು ಆರ್ನೋ ದ್ಯು ತಿಲ್ ಎಂಬ ಪರಸ್ಥಳದ ವಂಚಕನು. ಆದರೂ ಮೂರು ವರ್ಷಕ್ಕೆ ಮೇಲ್ಪಟ್ಟು ಸಂಸಾರವು ಅನ್ಯೋನ್ಯವಾಗಿ ಸಾಗಿತು; ಒಂದು ಹೆಣ್ಣುಮಗುವೂ ಬೆಳೆಯುತ್ತಿತ್ತು.

ಹೀಗಿರಲು ಆರ್ನೋ ತನ್ನ ಪಾಲಿನ ಆಸ್ತಿಯ ಹಿಂದಿನ ಲೆಕ್ಕವನ್ನು ಚಿಕ್ಕಪ್ಪನಲ್ಲಿ ಕೇಳಿದನು. ಅಲ್ಲಿಂದ ಕಲಹವಾಯಿತು, ಚಿಕ್ಕಪ್ಪನ ಕಣ್ಣಿಗೆ ಅವನು ವಂಚಕನಾಗಿ ತೋರತೊಡಗಿದನು. ವ್ಯಾಜ್ಯವು ಬರ್ತ್ರಾಂದಳ ಹೆಸರಿನಲ್ಲಿಯೇ ಹೂಡಲ್ಪಟ್ಟಿತು. ಸುಮಾರು ೧೫೦ ಮಂದಿ ಸಾಕ್ಷಿ ನುಡಿದರು. ಮಾರ್ತಾನನ ಪಾದದ ಅಳತೆ ೧೨, ಇವನದು ೯ ಎಂದು ಮೋಚಿಯೊಬ್ಬನು ಹೇಳಿದನು. ಆರ್ನೋನಾದರೋ ಮನೆಯ ಹಳೆಯ ಸಂಗತಿಗಳನ್ನೆಲ್ಲ ತಪ್ಪದೆ ಒಪ್ಪಿಸಿದನು. ೧೫೬೦ರಲ್ಲಿ ತುಲೂಸ್ ನಗರದ ಉಚ್ಚ ನ್ಯಾಯಸ್ಥಾನವು ಅವನ ಪಕ್ಷಕ್ಕೇ ಒಲಿದಿತ್ತು. ಅಷ್ಟರಲ್ಲಿ ಮರದ ಕಾಲಿನ ಒಬ್ಬನು ಪ್ರವೇಶಿಸಿದನು. ೧೫೫೭ರ ಸೇಂಟ್ ಕ್ವೆಂಟಿನ್ ಯುದ್ಧದಲ್ಲಿ ಕಾಲು ಕಳೆದುಕೊಂಡ ನಿಜವಾದ ಮಾರ್ತಾನನೇ ಅವನು!

ಸೆಪ್ಟೆಂಬರ್ ೧೬ರಂದು ಆರ್ನೋನನ್ನು ಅದೇ ಮನೆಯ ಮುಂದೆ ಗಲ್ಲಿಗೇರಿಸಿದರು. ಆದರೆ ನ್ಯಾಯಾಧಿಪತಿಗಳು ಬರ್ತ್ರಾಂದಳನ್ನು ದಂಡಿಸಲಿಲ್ಲ. ಆಕೆ ಮೋಸಹೋದವಳೆಂದು ತಿಳಿದು, ಮಗುವನ್ನು ಔರಸಸಂತಾನವೆಂದು ಪರಿಗಣಿಸಿ ಆರ್ನೋನ ಆಸ್ತಿಯನ್ನು ಅದಕ್ಕೇ ಕೊಡಿಸಿದರು. ಆಕೆಗೆ ಮೊದಲೇ ನಿಜ ತಿಳಿದಿತ್ತೇ ಎಂದು ಚರಿತ್ರಕಾರರು ಇಂದಿಗೂ ಚರ್ಚಿಸುತ್ತಾರೆ. ಮಾರ್ತಾನನು ಹೆಂಡತಿಯನ್ನು ನಿಷ್ಠುರವಾಗಿ ನಿಂದಿಸಿದಾಗ, ಮನೆಬಿಟ್ಟು ಹೋದವನಿಗೂ ಈ ಅನರ್ಥದಲ್ಲಿ ಪಾಲುಂಟೆಂದು ನ್ಯಾಯಾಧಿಪತಿ ಕೋರಾಸ್ ಎಚ್ಚರಿಸಿದನು. ೧೫೬೧ರಲ್ಲಿ ಈ ವ್ಯಾಜ್ಯವನ್ನು ಕುರಿತು ಗ್ರಂಥವನ್ನು ಪ್ರಕಟಿಸಿದವನೂ ಅವನೇ.

ಅಹಲ್ಯೆಯ ಕಥೆಯನ್ನು ಬಲ್ಲ ನಮಗೆ ಈ ತೀರ್ಪು ವಿಶೇಷವಾಗಿ ತೋರುತ್ತದೆ. ವೇಷಧಾರಿಯಿಂದಾದ ಅಪರಾಧಕ್ಕೆ ಅಲ್ಲಿ ಹೆಂಡತಿಯೂ ಶಾಪಕ್ಕೆ ಗುರಿಯಾದಳು. ಇಲ್ಲಿ ಆಕೆಯ ಮಾನವೂ ಮಗುವಿನ ಹಕ್ಕೂ ಉಳಿದುವು. ಮತ್ತೊಂದನ್ನು ಗಮನಿಸಬೇಕು: ಮೂರು ವರ್ಷ ಮನೆಯವರ ಕಣ್ಣಿಗೆ ಬೀಳದ ವಂಚನೆಯು ಆಸ್ತಿಯ ಲೆಕ್ಕ ಬಂದೊಡನೆ ಕಾಣಿಸಿತು. ಕುಲಗೌರವವೆಂದು ನಾವು ಕೂಗುವಾಗ ನಿಜವಾಗಿ ಯಾವುದನ್ನು ಕಾಯುತ್ತಿದ್ದೇವೆಂಬುದನ್ನು ಪ್ರತಿ ಗೃಹಸ್ಥನೂ ತನ್ನೊಳಗೆ ವಿಚಾರಿಸಿಕೊಳ್ಳುವುದು ಒಳ್ಳೆಯದು.