ಒಳಗಿನ ದೂರಿಗೂ ರಕ್ಷಣೆ ಬೇಕು

ಭ್ರಷ್ಟಾಚಾರ ನಿಗ್ರಹ ದಳವನ್ನು (ಎಸಿಬಿ) ರಚಿಸಿದ್ದ 2016ರ ಸರ್ಕಾರಿ ಆದೇಶವನ್ನು ರಾಜ್ಯ ಹೈಕೋರ್ಟ್ ಆರು ವರ್ಷಗಳ ಬಳಿಕ, 2022ರ ಆಗಸ್ಟ್ 11ರಂದು ರದ್ದುಪಡಿಸಿ, ತನಿಖೆಯ ಅಧಿಕಾರವನ್ನು ಲೋಕಾಯುಕ್ತ ಪೊಲೀಸರಿಗೆ ಮರಳಿಸಿತು. ತೀರ್ಪು ಸ್ವಾಗತಾರ್ಹ. ಆದರೆ ಎಸಿಬಿ ರಚಿಸಿ ಲೋಕಾಯುಕ್ತದ ಹಲ್ಲು ಕೀಳುವುದಕ್ಕೆ ಸರ್ಕಾರಕ್ಕೆ ನೆಪ ಸಿಕ್ಕಿದ್ದು ಎಲ್ಲಿಂದ ಎಂಬುದನ್ನು ಮರೆಯುವಂತಿಲ್ಲ. ಲೋಕಾಯುಕ್ತ ಕಚೇರಿಯಲ್ಲೇ ಎಂಜಿನಿಯರ್ ಒಬ್ಬರಿಗೆ ಒಂದು ಕೋಟಿ ರೂಪಾಯಿ ಲಂಚಕ್ಕೆ ಬೇಡಿಕೆ ಇಡಲಾಗಿದೆ ಎಂದು 2015ರಲ್ಲಿ ಲಿಖಿತವಾಗಿ ತಿಳಿಸಿದವರು ಅಲ್ಲಿಯೇ ಎಸ್‌ಪಿ ಆಗಿದ್ದ ಸೋನಿಯಾ ನಾರಂಗ್. ತನಿಖೆ ಅಂದಿನ ಲೋಕಾಯುಕ್ತರ ಮಗನ ಬಂಧನದವರೆಗೂ ಹೋಯಿತು. ವರ್ಷಾಂತ್ಯಕ್ಕೆ ಲೋಕಾಯುಕ್ತರೂ ರಾಜೀನಾಮೆ ಕೊಟ್ಟರು.

ಅಂಥ ಪತ್ರ ಬರೆಯುವ ಅಧಿಕಾರಿಗೆ ಇಂದಿಗೂ ಕಾನೂನಿನ ಆಸರೆ ಇಲ್ಲ. ಭ್ರಷ್ಟಾಚಾರ ಬಯಲಿಗೆಳೆಯುವವರ ರಕ್ಷಣೆಗೆಂದು ಸಂಸತ್ತು 2014ರಲ್ಲೇ ಒಪ್ಪಿದ ಕಾಯ್ದೆ ಇನ್ನೂ ಜಾರಿಗೇ ಬಂದಿಲ್ಲ. ಲೋಕಾಯುಕ್ತ ಪೊಲೀಸರು ಬರುವುದು ರಾಜ್ಯ ಪೊಲೀಸ್ ಇಲಾಖೆಯಿಂದ; ಅವರ ವರ್ಗಾವಣೆಯೂ ಸರ್ಕಾರದ ಕೈಯಲ್ಲೇ. ಮೇಲಿನವರ ಬಗ್ಗೆ ಬರೆದರೆ ಎತ್ತಂಗಡಿ ಖಚಿತ ಎಂಬ ಭಯ ಇರುವವರೆಗೆ ಮುಂದಿನ ದೂರು ಹೊರಬರುವುದು ಅನುಮಾನ. ಕೇಂದ್ರ ಸರ್ಕಾರ ಆ ಕಾಯ್ದೆಯ ಜಾರಿಗೆ ಕೂಡಲೇ ಅಧಿಸೂಚನೆ ಹೊರಡಿಸಬೇಕು. ರಾಜ್ಯ ಸರ್ಕಾರ ಅದಕ್ಕೆ ಕಾಯದೆ, ಲೋಕಾಯುಕ್ತ ತನಿಖಾಧಿಕಾರಿಗಳಿಗೆ ನಿಗದಿತ ಸೇವಾವಧಿಯನ್ನೂ ಸಂಸ್ಥೆಯ ವಿರುದ್ಧದ ದೂರುಗಳಿಗೆ ಹೊರಗಿನವರ ತನಿಖೆಯನ್ನೂ ಕಾನೂನಿನಲ್ಲೇ ಖಾತರಿಪಡಿಸಬೇಕು.